ಮೂರನೇ ಕಾಟಾ

ಕಬ್ಬಿನ ಗಾಡಿ ತೂಗುವ ಅಫ್ಸರನನ್ನು ಅವರು ಕ್ಯಾಬಿನ್ನಿನ ಕಿಟಕಿಯಿಂದ ಹೊರಗೆಳೆದರು. ಬಾಗಿಲಿಗೆ ಅವನು ಒಳಗಿನಿಂದ ಚಿಲಕ ಹಾಕಿಕೊಂಡಿದ್ದ, ಅದಕ್ಕೇ ಕಿಟಕಿ. ಗಾಜು ಮೊದಲೇ ಕಲ್ಲೇಟಿಗೆ ಒಡೆದಿತ್ತು. ಚೌಕಟ್ಟಿನಲ್ಲಿ ಉಳಿದ ಚೂರುಗಳ ಮೇಲೆ ಅವನ ಹೊಟ್ಟೆ ಉಜ್ಜುತ್ತ ಬಂತು. ಮೊದಲು ಅಂಗಿ ಹರಿಯಿತು, ಆಮೇಲೆ ಚರ್ಮ. ನೆಲಕ್ಕೆ ಬಿದ್ದ ಮೇಲೆ ಯಾವ ಕಾಲು ಯಾರದು ಎಂದು ಹೇಳುವುದು ಕಷ್ಟ. ಇಪ್ಪತ್ತು ಮೂವತ್ತು ಗಂಡಸರು, ಎಲ್ಲರ ಕೈಯಲ್ಲೂ ಕಬ್ಬಿನ ಜಲ್ಲೆ. ಹಸಿ ಕಬ್ಬಿನಿಂದ ಹೊಡೆದರೆ ಸದ್ದು ದೊಡ್ಡದಾಗಿ ಬರುವುದಿಲ್ಲ, ಆದರೆ ಎಲುಬಿಗೆ ಮುಟ್ಟುತ್ತದೆ.

ನಾನು ಸರ್ವರ್ ರೂಮಿನಿಂದ ಓಡಿ ಬಂದೆ. ಕೈಯಲ್ಲಿ ಒಂದು ಹಳೇ ಕೀಬೋರ್ಡ್ ಇತ್ತು. ಅದನ್ನೇ ಎದುರಿಗಿದ್ದವನ ತಲೆಯ ಮೇಲೆ ಅಪ್ಪಳಿಸಿದೆ. ಕೀಲಿಗಳು ಉದುರಿ ಚೆಲ್ಲಾಡಿದವು. ಅವನು ತಲೆ ಹಿಡಿದುಕೊಂಡು, "ಯವ್ವಾ, ಮೇಡಂ ಹೊಡದ್ಲಲೇ!" ಎಂದು ಕೂಗಿದ. ಇನ್ನೊಬ್ಬನ ಮುಖಕ್ಕೆ ಉಗುರು ಹಾಕಿದೆ. ಹೆಂಗಸೆಂದು ಕೆಲವರು ಹಿಂದೆ ಸರಿದರು, ಹುಚ್ಚಿಯೆಂದು ಉಳಿದವರು ಸರಿದರು.

ಆಗ ಕಂಡಿತು. ಅಫ್ಸರನ ಬಲಗೈಯನ್ನು ಕ್ಯಾಬಿನ್ನಿನ ಕಲ್ಲಿನ ಮೆಟ್ಟಿಲ ಮೇಲೆ ಚಾಚಿ ಹಿಡಿದಿದ್ದರು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತವನೊಬ್ಬ ಟ್ರೇಲರ್ ಜೋಡಿಸುವ ಕಬ್ಬಿಣದ ಪಿನ್ನಿನಿಂದ ಬೆರಳುಗಳನ್ನು ಜಜ್ಜುತ್ತಿದ್ದ. "ಒತ್ತು! ಇನ್ನ ಒತ್ತು ಮಗನ ಬಟನ್ನಾ!" ಎಂದು ಏಟಿಗೊಂದು ಸಲ ಹೇಳುತ್ತಿದ್ದ. ಅವನು ತಲೆ ಎತ್ತಿದ. ನಮ್ಮಣ್ಣ ಧರ್ಮರಾಜ.

"ನೀ ಒಳಗ ಹೋಗು ಪ್ರಿಯಾ," ಅಂದ. ಮನೆಗೆ ಬೀಗರು ಬಂದಾಗ ಹೇಳುತ್ತಾನಲ್ಲ, ಅದೇ ದನಿಯಲ್ಲಿ.

ನಾನು ಪ್ರಿಯದರ್ಶಿನಿ. ಹುನಗುಂದದಿಂದ ಅಮೀನಗಡಕ್ಕೆ ಹೋಗುವ ದಾರಿಗೆ ಹತ್ತಿದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ವಿಭಾಗ ಎಂದರೆ ನಾನು, ಒಂದು ಏಸಿ ರೂಮು ಮತ್ತು ನನ್ನ ಸಿಟ್ಟು, ಇಷ್ಟೇ. ಕಬ್ಬಿನ ಗಾಡಿ ಗೇಟಿಗೆ ಬಂದಾಗಿನಿಂದ ಸಕ್ಕರೆ ಚೀಲ ಹೊರಗೆ ಹೋಗುವವರೆಗೆ ಎಲ್ಲವೂ ಒಂದೇ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದೆ. ಗಾಡಿ ತೂಗಲು ಮೂರು ಕಾಟಾ. ಒಂದೊಂದಕ್ಕೂ ಒಂದು ಕ್ಯಾಬಿನ್, ಒಂದು ಕಂಪ್ಯೂಟರ್, ಒಬ್ಬ ಆಪರೇಟರ್. ತುಂಬಿದ ಗಾಡಿ ಕಾಟಾ ಹತ್ತಿದರೆ ಆಪರೇಟರ್ 'ಹೊಸ ಚೀಟಿ' ಒತ್ತುತ್ತಾನೆ, ಸಿಸ್ಟಮ್ ಒಂದು ನಂಬರು ಕೊಡುತ್ತದೆ, ತೂಕ ಬೀಳುತ್ತದೆ, ಸೇವ್ ಮಾಡಿದರೆ ಚೀಟಿ ಹೊರಗೆ ಬರುತ್ತದೆ. ಅರ್ಧ ನಿಮಿಷದ ಕೆಲಸ.

ಡಿಸೆಂಬರಿನಿಂದ ಅದು ಹಟ ಹಿಡಿಯಿತು. 'ಹೊಸ ಚೀಟಿ' ಒತ್ತಿದರೆ ಪರದೆಯ ಮೇಲೆ ಗಾಲಿ ತಿರುಗುತ್ತ ಕೂರುತ್ತಿತ್ತು. ಹತ್ತು ನಿಮಿಷ, ಹದಿನೈದು ನಿಮಿಷ. ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತಿತ್ತು. ದವಾಖಾನೆ ಮೆಟ್ಟಿಲು ಹತ್ತಿದ ಕೂಡಲೆ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ ನಾನು ಬಂದು ನೋಡುವಷ್ಟರಲ್ಲಿ ಎಲ್ಲ ಸರಿ. ದಿನಾ ಒಂದೇ ಹೊತ್ತಿಗೆ ಕೈಕೊಟ್ಟಿದ್ದರೆ ಹಿಡಿಯಬಹುದಿತ್ತು. ಇದು ಒಂದು ದಿನ ಬೆಳಗ್ಗೆ, ಒಂದು ದಿನ ಸಂಜೆ, ಮತ್ತೆ ನಾಲ್ಕು ದಿನ ಪತ್ತೆಯೇ ಇಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಹಾಕಿದ ಬರೆಗಳು ಒಂದೆರಡಲ್ಲ. ಕೇಬಲ್ ಬದಲಿಸಿದೆ. ಸರ್ವರಿಗೆ ಮೆಮೊರಿ ಹಾಕಿಸಿದೆ. ಜನರೇಟರ್ ನೋಡಿಕೊಳ್ಳುವವನ ಜೊತೆ ಕೈ ಕೈ ಮಿಲಾಯಿಸುವಷ್ಟು ಜಗಳಾಡಿದೆ. ಸಾಫ್ಟ್‌ವೇರ್ ಮಾಡಿಕೊಟ್ಟ ಪುಣೆಯವರು ಫೋನಿನಲ್ಲಿ ಪ್ರತಿ ಸಲವೂ ತಮ್ಮ ಕಡೆ ಎಲ್ಲ ಸರಿಯಿದೆ ಅನ್ನುತ್ತಿದ್ದರು. ಒಂದು ದಿನ ಆ ಫೋನನ್ನು ಗೋಡೆಗೆ ಒಗೆದೆ. ಅದಕ್ಕೂ ಸಿಸ್ಟಮ್ ಸುಧಾರಿಸಲಿಲ್ಲ.

ಸಾಲಿನಲ್ಲಿ ನಿಂತವರಿಗೆ ಕೇಬಲ್ಲು, ಮೆಮೊರಿ ಕಟ್ಟಿಕೊಂಡು ಏನಾಗಬೇಕು? ಕಡಿದ ಕಬ್ಬು ಬಿಸಿಲಲ್ಲಿ ನಿಂತರೆ ಒಣಗಿ ತೂಕ ಕಳೆದುಕೊಳ್ಳುತ್ತದೆ. ಗಾಡಿಗಳ ಸಾಲು ಹೆದ್ದಾರಿ ಮುಟ್ಟುತ್ತಿತ್ತು. ಮೊದಲ ವಾರ ಬರೀ ಬೈಗುಳ. ಎರಡನೇ ವಾರ ಒಬ್ಬನ ಎರಡು ಹಲ್ಲು ಹೋದವು. ಮೂರನೇ ವಾರ ಯಾರೋ ಯಾರದೋ ಟೈರು ಸೀಳಿದರು. ಜನವರಿಯಲ್ಲಿ ರಾಮಥಾಳದ ಡ್ರೈವರನೊಬ್ಬ ಸಾಲು ಮುರಿದು ಬಂದವನ ತೊಡೆಗೆ ಕುಡುಗೋಲು ಹಾಕಿದ. ಇನ್ನು ಕಾಟಾದವರ ಪಾಳಿ ಎಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ ಮಾತಾಡಿಕೊಂಡರು.

ಅವರ ಕಣ್ಣು ಅಫ್ಸರನ ಮೇಲೆ ಬೀಳಲು ಒಂದು ಕಾರಣವಿತ್ತು. ಸಿಸ್ಟಮ್ ನಿಂತಾಗ ಒಂದು, ಎರಡನೇ ಕಾಟಾ ಪೂರ್ತಿ ನಿಲ್ಲುತ್ತಿದ್ದವು. ಅಫ್ಸರನ ಮೂರನೇ ಕಾಟಾ ಮಾತ್ರ ಮೆಲ್ಲಗೆ ಸರಿಯುತ್ತಿತ್ತು. ಅವನು ತೂಕವನ್ನು ಹಾಳೆಯ ಮೇಲೆ ಬರೆದುಕೊಂಡು ಗಾಡಿ ಬಿಡುತ್ತಿದ್ದ, ಸಿಸ್ಟಮ್ ಶುರುವಾದ ಮೇಲೆ ಅದಕ್ಕೆ ತುಂಬುತ್ತಿದ್ದ. ಬುದ್ಧಿವಂತ ಎಂದು ನಾನು ಮೆಚ್ಚಿಕೊಂಡಿದ್ದೆ. ಜನರಿಗೆ ಅದರಲ್ಲಿ ಬೇಕೆಂದೇ ಉಳಿದವರನ್ನು ನಿಲ್ಲಿಸುವ ಆಟ ಕಂಡಿತು. ಆ ಗುರುವಾರ ಹತ್ತೂ ಹದಿನಾಲ್ಕಕ್ಕೆ ನಿಂತ ಸಿಸ್ಟಮ್ ಐವತ್ತೆರಡು ನಿಮಿಷ ಮಿಸುಕಲಿಲ್ಲ. ಐವತ್ತಮೂರನೇ ನಿಮಿಷಕ್ಕೆ ಕಿಟಕಿಗೆ ಕಲ್ಲು ಬಿತ್ತು.

ಹುನಗುಂದದಿಂದ ಪಿಎಸ್‌ಐ ಬಂದ. ಯಾರು ಹೊಡೆದರು ಎಂದು ಒಬ್ಬೊಬ್ಬರನ್ನೇ ಕೇಳಿದ. "ಮಂದಿ ಭಾಳ ಇತ್ರಿ ಸಾಹೇಬ್ರ," ಎಂದು ಎಲ್ಲರೂ ಹೇಳಿದರು. ನನ್ನ ಪಾಳಿ ಬಂತು.

"ಮುಖಾ ಕಾಣ್ಲಿಲ್ರಿ," ಅಂದೆ.

ಅಪ್ಪ ಸತ್ತಾಗ ನನಗೆ ಹದಿನಾರು. ಆಗ ಓದು ಬಿಡಿಸದೆ, ಬಾಗಲಕೋಟೆಯ ಕಾಲೇಜಿಗೆ ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಹೆಸರು ಹಚ್ಚಿದವನು ಅಣ್ಣ. ಇವತ್ತಿಗೂ ಅವನ ಮನೆಯಲ್ಲೇ ಉಣ್ಣುತ್ತೇನೆ. ಸುಳ್ಳು ಸಲೀಸಾಗಿ ಜಾರಿತು. ನಾಚಿಕೆ ಬಂದದ್ದು ಸಂಜೆ, ಕೈ ತೊಳೆಯುವಾಗ ಉಗುರಿನ ಸಂದಿಯಲ್ಲಿ ರಕ್ತ ಕಂಡ ಮೇಲೆ.

ಮರುದಿನ ಮ್ಯಾನೇಜರ್ ಪ್ರೇಮಕುಮಾರ ಕರೆಸಿದರು. ಅವರೂ ಸುಮ್ಮನೆ ಕೂತಿರಲಿಲ್ಲ, ಒಂದು ಪಟ್ಟಿ ಮಾಡಿಸಿದ್ದರು.

"ಎರಡ ತಿಂಗಳದಾಗ ಮೂವತ್ತೊಂದ ಸಲ ಹ್ಯಾಂಗ್ ಆಗೇತಿ ಪ್ರಿಯದರ್ಶಿನಿ. ಮೂವತ್ತೊಂದೂ ಸಲ ಅಫ್ಸರನ ಪಾಳಿ. ಒಮ್ಮೆನೂ ತಪ್ಪಿಲ್ಲ."

"ಅಂದ್ರ?"

"ಅಂದ್ರ ಏನು? ಬೇಕಂತ ನಿಂದರಸ್ಯಾನ. ಸೋಮವಾರ ರೈತರ ಸಭಾ ಐತಿ. ನೀ ಒಂದು ವರದಿ ಬರಕೊಡು, ಅವನ್ನ ತಗದ ಹಾಕಿಬಿಡ್ತೇವಿ. ಮಂದಿ ತಣ್ಣಗಾಗ್ತಾರ."

"ಬೆರಳು ಹೋದವನ ನೌಕರಿನೂ ತಗೀತೀರೇನ್ರಿ?"

"ಹಂಗಾರ ಖರೆ ಕಾರಣ ನೀ ತಂದು ಕೊಡು. ಸೋಮವಾರತನಕ ಟೈಮ್ ಐತಿ."

ಬಾಗಿಲನ್ನು ಜೋರಾಗಿ ಹಾಕಿಕೊಂಡು ಹೊರಗೆ ಬಂದೆ. ಅಫ್ಸರ ಇಳಕಲ್ಲಿನವನು. ಅವನ ತಾಯಿ ಗುಲಾಬಬಿ ಮಗ್ಗದ ಮುಂದೆ ಕೂತು ಅವನನ್ನು ಬೆಳೆಸಿದವಳು. ಬೇಕೆಂದು ನಿಲ್ಲಿಸಿದ ಎಂದು ಒಂದು ಸಲ ಕಾಗದದ ಮೇಲೆ ಬಿದ್ದರೆ, ಈ ಜಿಲ್ಲೆಯಲ್ಲಿ ಅವನಿಗೆ ಯಾರೂ ಕೆಲಸ ಕೊಡುವುದಿಲ್ಲ. ಹೊಡೆದವರೆಲ್ಲ ಸಾಚಾ ಆಗಿಬಿಡುತ್ತಾರೆ.

ಹಾಳೆ ಹಾಸಿಕೊಂಡು ಕೂತೆ. ಮೂವತ್ತೊಂದು ಸಲದ ಗಂಟೆ, ನಿಮಿಷ ಬರೆದೆ. ಒಂದಕ್ಕೊಂದು ಹೊಂದಲಿಲ್ಲ. ವಾರ ಬರೆದೆ, ಹೊಂದಲಿಲ್ಲ. ಗಾಡಿ ಹೆಚ್ಚಿದ್ದಾಗ ನಿಲ್ಲುತ್ತದೆಯೇ? ಇಲ್ಲ, ಅಂಗಳ ಖಾಲಿ ಇದ್ದಾಗಲೂ ನಿಂತಿದೆ. ಕರೆಂಟು ಹೋಗಿ ಬಂದಾಗ? ಅದೂ ಅಲ್ಲ. ಅಫ್ಸರನ ಪಾಳಿಯಲ್ಲೆಲ್ಲ ನಿಲ್ಲುತ್ತದೆಯೇ ಅಂದರೆ, ಅವನ ಎಷ್ಟೋ ಪಾಳಿಗಳು ಒಂದು ಕೊಂಕಿಲ್ಲದೆ ಕಳೆದಿದ್ದವು. ಕೊನೆಗೆ ಸಿಸ್ಟಮ್ ನಿಂತ ಹೊತ್ತಿನಲ್ಲಿ ಸರ್ವರ್ ಎಷ್ಟು ದುಡಿಯುತ್ತಿತ್ತು ಎಂದು ನೋಡಿದೆ. ಅದು ದುಡಿಯುತ್ತಲೇ ಇರಲಿಲ್ಲ, ಆರಾಮಾಗಿ ಕೂತಿತ್ತು. ಎರಡು ತಿಂಗಳು ನಾನು ಅದು ದಣಿದು ನಿಲ್ಲುತ್ತದೆ ಎಂದುಕೊಂಡಿದ್ದೆ. ಅದು ಯಾರನ್ನೋ ಕಾಯುತ್ತ ನಿಲ್ಲುತ್ತಿತ್ತು.

ಯಾರನ್ನು? ಪ್ರತಿ ಚೀಟಿಗೂ ತೆರೆದ ಹೊತ್ತು ಮತ್ತು ಸೇವ್ ಮಾಡಿದ ಹೊತ್ತು ಸಿಸ್ಟಮ್ಮಿನಲ್ಲಿ ಇರುತ್ತದೆ. ತೆರೆದು ಐದು ನಿಮಿಷಕ್ಕಿಂತ ಹೆಚ್ಚು ಹಾಗೇ ಬಿಟ್ಟ ಚೀಟಿಗಳನ್ನು ಹುಡುಕಿದೆ. ಮೂವತ್ತೊಂದು ಸಿಕ್ಕವು. ನಂಬರುಗಳನ್ನು ಒಂದರ ಕೆಳಗೊಂದು ಬರೆದು ಗಟ್ಟಿಯಾಗಿ ಓದಿದೆ. 19101. 19501. 19786. 21101. 22001. 22101. 23786. ಓದುತ್ತ ಓದುತ್ತ ಕೊನೆಯ ಮೂರು ಅಂಕಿಗಳ ಕೆಳಗೆ ಗೆರೆ ಎಳೆದೆ. ಮದುವೆಯಲ್ಲಿ ಆಯೇರಿ ಮಾಡುವಾಗ ನೂರರ ಮೇಲೆ ಒಂದು ಇಡುತ್ತೇವೆ. ಲಾರಿ ಕೊಂಡರೆ, ನಮ್ಮಲ್ಲಿಗೆ ಕಬ್ಬು ಸಾಗಿಸುವ ಮುರ್ತುಜಸಾಬರಂಥವರು ಬಿಸ್ಮಿಲ್ಲಾದ ಏಳುನೂರ ಎಂಬತ್ತಾರೇ ಬೇಕೆಂದು ಕಾಯುತ್ತಾರೆ. ಇವು ಶುಭದ ನಂಬರುಗಳು. ಕೆಟ್ಟುನಿಂತ ಯಂತ್ರಕ್ಕೆ ಶುಭ ಅಶುಭ ಗೊತ್ತಿಲ್ಲ. ಇದು ಮನುಷ್ಯನ ಕೈ.

ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. ಚೀಟಿ ನಂಬರುಗಳ ನಡುವೆ ಒಂದೂ ಬಿಟ್ಟುಹೋಗಬಾರದು ಎಂದು ನಮ್ಮಲ್ಲಿ ಕಟ್ಟುನಿಟ್ಟು. ಅದಕ್ಕೆ ಒಂದು ಕಾಟಾದವನು ಚೀಟಿ ತೆರೆದು ನಂಬರು ಹಿಡಿದನೆಂದರೆ, ಅವನು ಸೇವ್ ಮಾಡುವವರೆಗೆ ಮುಂದಿನ ನಂಬರು ಯಾರಿಗೂ ಸಿಗುವುದಿಲ್ಲ. ಅರ್ಧ ನಿಮಿಷದ ಕೆಲಸವಾದ್ದರಿಂದ ಇದು ಯಾರಿಗೂ ತಿಳಿದಿರಲಿಲ್ಲ. ಅಫ್ಸರ ಮಾತ್ರ ಒಳ್ಳೆ ನಂಬರು ಬಂದಾಗ ಅದನ್ನು ತೆರೆದಿಟ್ಟು, ಬೇಕಾದ ಗಾಡಿ ತನ್ನ ಕಾಟಾ ಹತ್ತುವವರೆಗೆ ಕಾಯುತ್ತಿದ್ದ. ಅಷ್ಟು ಹೊತ್ತೂ ಉಳಿದೆರಡು ಕಾಟಾ ಸತ್ತು ಬಿದ್ದಿರುತ್ತಿದ್ದವು.

ಯಾರ ಗಾಡಿ ಎಂದು ನೋಡಿದೆ. 786 ಮುರ್ತುಜಸಾಬರ ಲಾರಿ. 501 ಮತ್ತು 001 ರೈತ ಬೀರಲಿಂಗಪ್ಪನ ಗಾಡಿಗಳು. 101 ಎಲ್ಲವೂ, ಒಂದೂ ಬಿಡದಂತೆ, ನಮ್ಮ ಮನೆಯ ಟ್ರ್ಯಾಕ್ಟರು. ಗುರುವಾರ ಹತ್ತೂ ಹದಿನಾಲ್ಕಕ್ಕೆ ತೆರೆದ ಚೀಟಿ 27101. ಅದನ್ನು ಸೇವ್ ಮಾಡಿದ ಹೊತ್ತು ಖಾಲಿ ಇತ್ತು.

ಭಾನುವಾರ ಬೆಳಗ್ಗೆ ಅಫ್ಸರನನ್ನು ನೋಡಲು ಬಾಗಲಕೋಟೆ ಬಸ್ಸು ಹತ್ತಿದೆ. ಅಣ್ಣ ಅವನ ಕೈಗೆ ಏನೋ ಇಟ್ಟಿರಬೇಕು ಅನ್ನುವುದು ನನ್ನ ಲೆಕ್ಕ. ನನ್ನ ಎರಡು ತಿಂಗಳ ನಿದ್ದೆ ಕೆಡಿಸಿದ್ದಕ್ಕೆ ಇಬ್ಬರ ಮೇಲೂ ಸಿಟ್ಟು ಕುದಿಯುತ್ತಿತ್ತು. ಅಮೀನಗಡದಲ್ಲಿ ಬಸ್ಸು ನಿಂತಾಗ ಜನ ಇಳಿದು ಕರದಂಟು ಕೊಂಡರು. ರೋಗಿಯನ್ನು ನೋಡಲು ಹೊರಟವಳು ನಾನೂ ಕೊಳ್ಳಬೇಕಿತ್ತು. ಯಾರ ಬಾಯಿ ಸಿಹಿ ಮಾಡುವ ಮನಸ್ಸೂ ಇರಲಿಲ್ಲ.

ದವಾಖಾನೆಯಲ್ಲಿ ಅಫ್ಸರನ ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಬಲಗೈಗೆ ದಪ್ಪ ಬ್ಯಾಂಡೇಜು. ಎರಡು ಬೆರಳು ತೆಗೆದಿದ್ದಾರೆ, ಮೂರನೆಯದರ ಬಗ್ಗೆ ಇನ್ನೂ ಹೇಳಿಲ್ಲ ಎಂದು ಗುಲಾಬಬಿ ಹೇಳಿದಳು. ಅವನು ನನ್ನನ್ನು ಕಂಡು ಏಳಲು ನೋಡಿದ.

"ಮಲ್ಕೊ," ಅಂದೆ. ಪಟ್ಟಿಯನ್ನು ಅವನ ಎದೆಯ ಮೇಲೆ ಒಗೆದೆ. "ನೂರಾ ಒಂದು, ಐನೂರಾ ಒಂದು. ಎಲ್ಲಾ ನೀ ಹಿಡದಿಟ್ಟಿದ್ದು. ನಮ್ಮಣ್ಣ ಎಷ್ಟು ರೊಕ್ಕ ಕೊಟ್ಟ ನಿನಗ?"

ಅವನ ತೆರೆದ ಒಂದು ಕಣ್ಣು ನನ್ನನ್ನೇ ನೋಡಿತು. "ರೊಕ್ಕ? ನೀವ ಹೇಳಿದ್ರೆಲ್ರಿ ಮೇಡಂ."

"ನಾನಾ?"

"ಡಿಸೆಂಬರ ಮೊದಲಿಗ್ರಿ. ಕಾಟಾಕ್ಕ ಪೂಜಾ ಆದ ದಿನ. 'ನಮ್ಮಣ್ಣಗ ನೂರಾ ಒಂದರ ಚೀಟಿ ಅಂದ್ರ ಭಾಳ ನಂಬಿಕಿ, ಬಂದಾಗ ಅವನ ಗಾಡಿಗಿ ಹಚ್ಚು' ಅಂದ್ರಿ. ಅವತ್ತಿಂದ ಇಡ್ತೇನ್ರಿ. ನೂರಾ ಒಂದು ಬಂದ್ರ ತೆಗದು ಕುಂತು ಡ್ರೈವರ ಹನಮಪ್ಪಗ ಫೋನ್ ಮಾಡ್ತೇನಿ, ಸಾಲಿನಾಗ ನಿಂತ ಗಾಡಿ ಅವ ನನ್ನ ಕಾಟಾಕ್ಕ ತರ್ತಾನ. ಅದನ್ನ ನೋಡಿ ಉಳದವರೂ ಕೇಳಿದ್ರು. ಮೇಡಂ ಅಣ್ಣಾರಿಗಿ ಕೊಟ್ಟು ಅವರಿಗಿ ಹೆಂಗ ಇಲ್ಲ ಅನ್ಲಿ?"

ನೆನಪಾಯಿತು. ಪೇಡೆ ತಿನ್ನುತ್ತ, ನಗುತ್ತ ಹೇಳಿದ ಮಾತು. ಹೇಳಿದ ಮರುಗಳಿಗೆಗೆ ನಾನು ಮರೆತಿದ್ದೆ, ಅಣ್ಣನಿಗೂ ತಿಳಿಸಿರಲಿಲ್ಲ. ಅಧಿಕಾರದಲ್ಲಿದ್ದವರು ನಗುತ್ತ ಹೇಳಿದ್ದನ್ನು ಕೆಳಗಿನವರು ನಗುತ್ತ ಕೇಳುವುದಿಲ್ಲ ಎಂದು ನನಗೆ ಯಾಕೆ ಹೊಳೆಯಲಿಲ್ಲವೋ. ಮಂಚದ ಅಂಚಿಗೆ ಕೂತೆ.

"ನೀ ಹಿಡದ್ರ ಉಳದೆರಡು ಕಾಟಾ ನಿಂದರತಾವು ಅಂತ ಗೊತ್ತಿತ್ತೇನು?"

"ಖುದಾನ ಆಣಿ, ಇಲ್ರಿ. ಅವರಿಗಿ ಮುಂದಿನ ನಂಬರ ಹೋಗ್ತಾವು ಅಂತ ತಿಳಕೊಂಡಿದ್ದೆ. ನನಗ ಒಂದ ಬ್ಯಾರೆ ಚೀಟಿ ಬರಂಗಿಲ್ಲ ಅಂತ ಹಾಳಿ ಮ್ಯಾಲ ಬರಕೊತಿದ್ದೆ."

"ಗುರುವಾರ ಏನಾತು?"

"ನೂರಾ ಒಂದು ತೆಗದು ಕುಂತೆ. ನಿಮ್ಮ ಗಾಡಿ ಬರವಲ್ತು. ಹನಮಪ್ಪಗ ಫೋನ್ ಮಾಡಿದ್ರ ಎತ್ತವಲ್ಲ. ಅವತ್ತ ಅವ ರಜಾ ಅಂತ ಆಮ್ಯಾಲ ಗೊತ್ತಾತು. ಅಣ್ಣಾರು ತಾವ ಗಾಡಿ ತಂದು ಒಂದನೇ ಕಾಟಾದ ಸಾಲಿನಾಗ ನಿಂತಾರಂತ."

ಅವನು ಮೂರನೇ ಕಾಟಾದಲ್ಲಿ ಅಣ್ಣನ ಗಾಡಿಗೆ ಕಾದು ಕೂತಿದ್ದ. ಅಣ್ಣ ಒಂದನೇ ಕಾಟಾದಲ್ಲಿ ನಂಬರಿಗೆ ಕಾದು ನಿಂತಿದ್ದ. ಇವನು ಬಿಡದೆ ಅವನಿಗೆ ನಂಬರು ಸಿಗುವಂತಿಲ್ಲ, ಅವನು ಬಾರದೆ ಇವನು ಬಿಡುವಂತಿಲ್ಲ. ಐವತ್ತೆರಡು ನಿಮಿಷ ಇಬ್ಬರೂ ಒಬ್ಬರನ್ನೊಬ್ಬರು ಕಾದಿದ್ದಾರೆ. ಆಮೇಲೆ ಅಣ್ಣ ಪಿನ್ನು ಕಿತ್ತುಕೊಂಡು ಇಳಿದಿದ್ದಾನೆ.

"ಕಿಟಕಿ ಮುಂದ ಅಣ್ಣಾರನ್ನ ನೋಡಿ ಖುಷಿ ಆತ್ರಿ," ಅಂದ ಅಫ್ಸರ. "'ನಿಮ್ಮ ನಂಬರ ಇಟ್ಟೇನ್ರಿ ಅಣ್ಣಾರ' ಅಂತ ಕಂಪ್ಯೂಟರ ತಿರುಗಿಸಿ ತೋರಿಸಿದೆ. ಅಷ್ಟರಾಗ ಕಲ್ಲು ಬಂತು."

ಗುಲಾಬಬಿ ಗೋಡೆಗೆ ಒರಗಿ ನಿಂತಿದ್ದಳು. "ಉರುಸಿನ ದಿನಾನೂ 'ಮೇಡಂ ಹೇಳ್ಯಾರ, ಹೋಗಬೇಕು' ಅಂತ ಉಣ್ಣೂ ತಾಟ ಬಿಟ್ಟ ಎದ್ದ ಹೋಗಾಂವ," ಅಂದಳು. ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹೊರಡುವಾಗ ಅಫ್ಸರ ಎಡಗೈಯಿಂದ ಪಟ್ಟಿಯನ್ನು ನನಗೆ ವಾಪಸು ಕೊಟ್ಟ. "ಸಭಾದಾಗ ಇದನ್ನ ಹೇಳಬ್ಯಾಡ್ರಿ ಮೇಡಂ. ನಿಂದರಿಸಿದಾಂವ ನಾನ ಅಂತ ಗೊತ್ತಾದ್ರ, ಹೊಡದದ್ದು ಬರೋಬ್ಬರಿ ಅಂತಾರ."

ಮಧ್ಯಾಹ್ನ ಮನೆಗೆ ಬಂದವಳು ನೇರ ದೇವರ ಜಗಲಿಗೆ ಹೋದೆ. ಭಂಡಾರದ ಬಟ್ಟಲಿನ ಕೆಳಗೆ ಚೀಟಿಗಳು ಒಂದರ ಮೇಲೊಂದು ಇದ್ದವು. ಒಂದೊಂದಕ್ಕೂ ಕುಂಕುಮ ಹಚ್ಚಿತ್ತು, ಎಲ್ಲವೂ 101. ಅಣ್ಣ ಉಣ್ಣುತ್ತಿದ್ದ. ಅವನ ಹೆಂಡತಿ, ವೈನಿ ಶಾರವ್ವ, ರೊಟ್ಟಿ ಹಾಕುತ್ತಿದ್ದಳು. ಚೀಟಿಗಳನ್ನು ಅವನ ತಾಟಿನ ಪಕ್ಕಕ್ಕೆ ಒಗೆದೆ.

"ದೇವರ ಚೀಟಿ ಯಾಕ ಮುಟ್ಟಿದಿ?" ಅಂದ.

"ಇವನ್ನ ಕೊಟ್ಟದ್ದು ದೇವರಲ್ಲ, ಅಫ್ಸರ. ನನ್ನ ಮಾತು ಕೇಳಿ, ನಿನ್ನ ಸಲುವಾಗಿ ಇಟ್ಟಾನ. ಆ ಕೈ ನೀ ಜಜ್ಜಿದಿ."

ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡ. ತುತ್ತು ತಾಟಿಗೆ ಬಿಟ್ಟು ಎದ್ದು ಬಂದು ಕೆನ್ನೆಗೆ ಹೊಡೆದ. ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. ನೀರಿನ ತಂಬಿಗೆ ಕೈಗೆ ಸಿಕ್ಕಿತು, ಬೀಸಿ ಒಗೆದೆ. ಅವನ ಹುಬ್ಬು ಸೀಳಿತು. ಅವನು ನನ್ನ ಕೂದಲು ಹಿಡಿದು ಗೋಡೆಗೆ ಜಜ್ಜುವಷ್ಟರಲ್ಲಿ ವೈನಿ ನಡುವೆ ಬಿದ್ದಳು. "ಬಿಡ್ರಿ, ನಿಮ್ಮ ತಂಗಿ ಅದಾಳ್ರಿ!" ಎಂದು ಅವಳು ಕಿರುಚಿದಳು.

"ನನಗ ಗೊತ್ತಿರಲಿಲ್ಲ," ಅಂದ ಅಣ್ಣ ಏದುಸಿರು ಬಿಡುತ್ತ.

"ಗೊತ್ತಿಲ್ಲದ ಮನುಷ್ಯಾ ಕೇಳ್ತಾನ. ಬೆರಳ ಜಜ್ಜತಾನೇನು?"

"ಆದದ್ದು ಆತು. ನಾಳಿ ಸಭಾದಾಗ ಬಾಯಿ ತಗದಿ ಅಂದ್ರ ಈ ಮನಿ ಹೊಸ್ತಲಾ ತುಳೀಬ್ಯಾಡ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಅವಳು ನಮ್ಮಿಬ್ಬರಿಗೂ ಸೇರಿಸಿಯೇ ಹೇಳುತ್ತಿದ್ದಳು. ನಾವಿಬ್ಬರೂ ಕೇಳಲಿಲ್ಲ.

ಸೋಮವಾರ ಹನ್ನೊಂದಕ್ಕೆ ಕಾಟಾಗಳ ಮುಂದಿನ ಬಯಲಿನಲ್ಲಿ ಸಭೆ. ಮುನ್ನೂರು ಜನ ಇದ್ದಿರಬೇಕು. ಪಿಎಸ್‌ಐ, ಮೂವರು ಪೇದೆಗಳು ಬೇವಿನ ಗಿಡದ ಕೆಳಗೆ. ಅಣ್ಣ ಮುಂದಿನ ಸಾಲಿನಲ್ಲಿ, ಹುಬ್ಬಿಗೆ ಪಟ್ಟಿ ಹಾಕಿಕೊಂಡು. ಪ್ರೇಮಕುಮಾರ ನನ್ನ ಕೈಗೆ ಮೈಕು ಕೊಟ್ಟರು. ಅವರು ಟೈಪು ಮಾಡಿಸಿದ ವರದಿಯನ್ನೂ ಕೊಟ್ಟರು. ವರದಿಯನ್ನು ಮಡಚಿ ಬ್ಯಾಗಿಗೆ ಹಾಕಿದೆ.

"ಚೀಟಿ ನಂಬರ ಹಿಡದು ಇಟ್ಟಾಂವ ಅಫ್ಸರ," ಅಂದೆ. ಗುಂಪಿನಿಂದ ಕೇಕೆ ಎದ್ದಿತು. ಅದು ನಿಲ್ಲುವವರೆಗೆ ಕಾಯಲಿಲ್ಲ, ಮೈಕಿನಲ್ಲಿ ಕಿರುಚಿದೆ. "ಇಡು ಅಂತ ಹೇಳಿದಾಕಿ ನಾ! ಅದರಿಂದ ಉಳದ ಕಾಟಾ ನಿಂದರತಾವು ಅಂತ ಅವಗ ಗೊತ್ತಿರಲಿಲ್ಲ. ಗೊತ್ತಿರಬೇಕಾದದ್ದು ನನಗ. ನನಗೂ ಗೊತ್ತಿರಲಿಲ್ಲ. ಹೊಡೀಬೇಕು ಅಂದ್ರ ನನ್ನ ಹೊಡೀಬೇಕಿತ್ತು."

ಗುಂಪು ಗಲಿಬಿಲಿಯಾಯಿತು. ಯಾರ ಸಲುವಾಗಿ ಇಟ್ಟ ಎಂದು ಒಬ್ಬ ಕೇಳಿದ. ಯಾವ ನಂಬರು ಎಂದು ಇನ್ನೊಬ್ಬ. ನಾನು ಏಳುನೂರ ಎಂಬತ್ತಾರು ಅನ್ನುವಷ್ಟರಲ್ಲಿ ಹಿಂದಿನಿಂದ ದನಿಯೊಂದು, "ನೋಡಿದ್ರೆಲ್ಲೋ, ಅವರವರದ ಒಳಗೊಳಗ ಐತಿ," ಎಂದಿತು. ಆ ಮಾತು ಯಾವ ಕಡೆ ಉರುಳುತ್ತದೆ ಎಂದು ನನಗೆ ಗೊತ್ತಿತ್ತು. ಉರುಳಲು ಬಿಡಲಿಲ್ಲ.

"ಪೂರಾ ಕೇಳ್ರಿ! ಏಳನೂರ ಎಂಬತ್ತಾರು ಮುರ್ತುಜಸಾಬರ ಲಾರಿ. ಐನೂರಾ ಒಂದು ಬೀರಲಿಂಗಪ್ಪನ ಗಾಡಿ. ಎಲ್ಲಾಕ್ಕಿಂತ ಮೊದಲು, ಎಲ್ಲಾಕ್ಕಿಂತ ಹೆಚ್ಚು, ನೂರಾ ಒಂದು. ಅದು ನಮ್ಮ ಗಾಡಿ. ನಮ್ಮಣ್ಣ ಧರ್ಮರಾಜಂದು. ಗುರುವಾರ ಐವತ್ತೆರಡು ನಿಮಿಷ ನೀವು ನಿಂತದ್ದು ಅವನ ಚೀಟಿ ಸಲುವಾಗಿ."

 ಎಲ್ಲರೂ ಅಣ್ಣನ ಕಡೆ ತಿರುಗಿದರು. ಗುರುವಾರ ಅವನ ಹಿಂದೆ ಜಲ್ಲೆ ಹಿಡಿದು ಬಂದವರೇ ಅವನ ಅಕ್ಕಪಕ್ಕ ಕೂತಿದ್ದರು. ಅವರಲ್ಲೇ ಒಬ್ಬ ಮೊದಲು ಅಂಗಿ ಹಿಡಿದ. "ನಿನ್ನ ನಂಬರ ಸಲುವಾಗಿ ನಮ್ಮ ಕೈಲೆ ಹೊಡಿಸಿದೇನಲೇ?" ಅಂದ. ಅಣ್ಣ ಏನೋ ಹೇಳಲು ನೋಡಿದ. ಬಾಯಿಯ ಮೇಲೆ ಗುದ್ದು ಬಿತ್ತು. ಆಮೇಲೆ ಅವನು ಕಾಣಲಿಲ್ಲ. ಜಲ್ಲೆಗಳು ಏರುವುದು ಇಳಿಯುವುದು ಮಾತ್ರ ಕಂಡಿತು.

ನಾನು ಬಯಸಿದ್ದು ಇದನ್ನೇ ಅಲ್ಲವೇ? ಬೆಳಗ್ಗೆ ಬಸ್ಸಿನಲ್ಲಿ ಬರುವಾಗ, ಅವನ ಮೈಮೇಲೂ ನಾಲ್ಕು ಬೀಳಲಿ ಎಂದು ಅಂದುಕೊಂಡದ್ದು ಸುಳ್ಳಲ್ಲ. ಈಗ ನಾಲ್ಕಲ್ಲ, ನಲವತ್ತು ಬೀಳುತ್ತಿದ್ದವು. ಮೈಕು ಒಗೆದು ಓಡಿದೆ. ಕಾಲುಗಳ ನಡುವೆ ತೂರಿ ಹೋಗಿ ಅವನ ಮೇಲೆ ಅಡ್ಡ ಬಿದ್ದೆ. ಬೆನ್ನಿಗೆ ಬಿತ್ತು, ತಲೆಗೆ ಬಿತ್ತು, ಮೊಣಕೈ ಚಟಕ್ಕೆಂದಿತು. "ಸರೀಲೇ, ಹೆಣ್ಮಗಳು!" ಎಂದು ಯಾರೋ ಕೂಗಿದರು, ಹೊಡೆಯುವವರಿಗೆ ಅದು ಕೇಳಿಸಲಿಲ್ಲ. ಪೇದೆಗಳು ಲಾಠಿ ಬೀಸುತ್ತ ಬರುವವರೆಗೆ ಅಣ್ಣನ ತಲೆಯನ್ನು ಎದೆಗೆ ಒತ್ತಿಕೊಂಡು ಬಿದ್ದಿದ್ದೆ. ಅವನ ರಕ್ತ ಬೆಚ್ಚಗೆ ನನ್ನ ಕುತ್ತಿಗೆಗೆ ಇಳಿಯುತ್ತಿತ್ತು.

ಜನ ಚದುರಿದರು. ನನಗೆ ಅಳು ಬಂತು, ಅವನಿಗೂ ಬಂತು. ಅಣ್ಣ ಧೂಳಿನಲ್ಲಿ ಎದ್ದು ಕೂತು ನನ್ನ ಕೈ ಹುಡುಕಿ ಹಿಡಿದುಕೊಂಡ.

"ನೀ ಬಂದೆಲ್ಲ, ಸಾಕು," ಅಂದ. "ರಕ್ತ ರಕ್ತನ, ತಂಗಿ. ಮನಿಗಿ ನಡಿ."

ಪಿಎಸ್‌ಐ ನಮ್ಮ ಮುಂದೆ ಬಂದು ನಿಂತ. "ನಿಮ್ಮನ್ನ ಯಾರ‍್ಯಾರು ಹೊಡದ್ರು, ಹೆಸರು ಹೇಳ್ರಿ ಮೇಡಂ," ಅಂದ.

"ಅದು ಆಮ್ಯಾಲ ಬರಕೊಳ್ರಿ ಸಾಹೇಬ್ರ. ಮೊದಲು ಗುರುವಾರದ್ದು ಬರಕೊಳ್ರಿ. ಅವತ್ತ ನಾ ಸುಳ್ಳ ಹೇಳೇನಿ, ಮುಖಾ ಕಂಡಿತ್ತು. ಅಫ್ಸರನ ಬೆರಳು ಜಜ್ಜಿದ ಪಿನ್ನು ಇವನ ಕೈಯಾಗಿತ್ತು. ಧರ್ಮರಾಜ. ನನ್ನ ಒಡಹುಟ್ಟಿದ ಅಣ್ಣ."

ಪಿಎಸ್‌ಐ ಬರೆದುಕೊಂಡ. ಅಣ್ಣನ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಅವನು ಅದನ್ನು ಕಿತ್ತುಕೊಳ್ಳುತ್ತಾನೆ, ಹೊಡೆಯುತ್ತಾನೆ ಎಂದು ಮೈ ಬಿಗಿ ಹಿಡಿದು ಕೂತೆ. ಅವನು ಹೊಡೆಯಲಿಲ್ಲ.  ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಜೀಪಿನ ಕಡೆ ನಡೆದ.